ಇದ್ದಿಲಿನಲ್ಲಿ ಬರೆದದ್ದು ಅರ್ಧ ಚಿತ್ರವೇ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಮಕ್ಕಳ ಚಿತ್ರ ಸ್ಪರ್ಧೆಯ ಸುದ್ದಿ ಬಂದಿತ್ತು. ಬಹುಮಾನ ಬಂದ ಮೂರು ಚಿತ್ರಗಳ ಫೋಟೊನೂ ಇತ್ತು. ಚೆನ್ನಾಗಿದ್ದವು. ಓಬವ್ವನ ಕಿಂಡಿ ಬರೆದ ಹುಡುಗನಂತೂ ಕಲ್ಲಿನ ಸಂದುಗಳನ್ನು ಒಂದೂ ಬಿಡದೆ ಹಾಕಿದ್ದಾನೆ. ಆ ಮಕ್ಕಳ ಮೇಲೆ ನನ್ನದೇನೂ ದೂರಿಲ್ಲ. ಆದರೆ ಅದೇ ಸ್ಪರ್ಧೆಯಿಂದ ವಾಪಸ್ ಬಂದ ಒಂದು ಚಿತ್ರ ಈಗ ನನ್ನ ಅಂಗಡಿ ಮೇಜಿನ ಮೇಲಿದೆ. ಅದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಉದ್ದ ಆದರೆ ಕತ್ತರಿಸಿಕೊಳ್ಳಿ. ಅಳತೆ ನೋಡಿ ಕತ್ತರಿಸುವುದು ನನಗೂ ದಿನದ ಕೆಲಸವೇ.

ಚಿತ್ರದುರ್ಗದ ಲಕ್ಷ್ಮೀ ಬಜಾರ್ ಹತ್ತಿರದ ಗಲ್ಲಿಯಲ್ಲಿ ನನ್ನದು ಫೋಟೊಗೆ ಕಟ್ಟು ಹಾಕುವ ಅಂಗಡಿ. ಅಪ್ಪ ಬೋರ್ಡ್ ಬರೆಯುತ್ತಿದ್ದರು, ನಾಟಕದ ಪರದೆ ಬರೆಯುತ್ತಿದ್ದರು, ಜೊತೆಗೆ ಕಟ್ಟು. ಬೋರ್ಡೂ ಪರದೆಯೂ ಅವರ ಜೊತೆ ಹೋದವು. ಕಟ್ಟು ನನಗೆ ಉಳಿಯಿತು. ಅಂಗಡಿ ಎದುರು ಬೇವಿನ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇದೆ. ಅವರದು ಈಗಲೂ ಇದ್ದಿಲಿನ ಪೆಟ್ಟಿಗೆ. ಅವರ ಮಗಳು ಎಂಟನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಗಾಡಿ ಹತ್ತಿರವೇ ಇರುತ್ತಾಳೆ. ಅಪ್ಪ ಬೂದಿ ಕೊಡವಿದಾಗ ಬೀಳುವ ಇದ್ದಿಲಿನ ಚೂರುಗಳನ್ನು ಆರಿಸಿಕೊಳ್ಳುತ್ತಾಳೆ. ಕಟ್ಟಿನ ಹಿಂಬದಿಗೆ ಅಂಟಿಸಲು ನಾನು ತರುವ ಖಾಕಿ ಕಾಗದದಲ್ಲಿ ಮಿಕ್ಕ ತುಂಡುಗಳನ್ನು ಇಸಿದುಕೊಂಡು ಹೋಗುತ್ತಾಳೆ. ಅದರ ಮೇಲೆ ಏನಾದರೂ ಬರೆಯುತ್ತಾ ಕೂರುತ್ತಾಳೆ.

ಸ್ಪರ್ಧೆಯ ಚೀಟಿಯಲ್ಲಿ ಇದ್ದದ್ದು ಇಷ್ಟೇ. ವಿಷಯ, ನಮ್ಮೂರಿನ ನಿಸರ್ಗ. ಮನೆಯಲ್ಲೇ ಬರೆದು ತರಬೇಕು. ಹೆಸರು, ಶಾಲೆ ಹಿಂದೆ ಬರೆದಿರಬೇಕು. ಬಣ್ಣದ ಮಾತೇ ಇರಲಿಲ್ಲ, ನಾನೇ ಓದಿ ಹೇಳಿದ್ದೆ. ಹುಡುಗಿ ಎರಡು ಭಾನುವಾರ ಅಪ್ಪನ ಜೊತೆ ಚಂದ್ರವಳ್ಳಿಗೆ ಹೋಗಿ, ಕೆರೆ ಏರಿ ಕಡೆ ಕೂತು, ಎದುರಿನ ಬಂಡೆಗಳನ್ನು ಬರೆದುಕೊಂಡು ಬಂದಳು. ಅಲ್ಲಿನ ಬಂಡೆ ನೋಡಿದವರಿಗೆ ಗೊತ್ತು, ಯಾವುದೋ ಮಗು ಆಟ ಮುಗಿಸಿ ಒಂದರ ಮೇಲೊಂದು ಇಟ್ಟು ಎದ್ದು ಹೋದ ಹಾಗೆ ಇವೆ. ನೆರಳಿನ ಕಡೆ ಇದ್ದಿಲನ್ನು ಅಡ್ಡ ಹಿಡಿದು ತೀಡಿದ್ದಾಳೆ. ಬಂಡೆ ಬಂಡೆಯ ನಡುವಿನ ಸಂದಿಯಲ್ಲಿ ಒತ್ತಿ ಒತ್ತಿ ಕಪ್ಪು ಮಾಡಿದ್ದಾಳೆ. ಬಿಸಿಲು ಬಿದ್ದ ಕಡೆ ಶಾಲೆಯ ಸೀಮೆಸುಣ್ಣ. ಅದೇ ಸೀಮೆಸುಣ್ಣದಲ್ಲಿ ಇನ್ನೊಂದು ಕೆಲಸ ಮಾಡಿದ್ದಾಳೆ. ಬಂಡೆ ಮೇಲೆ ಯಾರೋ ಬಿಳಿ ಪೇಂಟಿನಲ್ಲಿ ಗೀಚಿದ ಹೆಸರುಗಳು, ನಡುವೆ ಬಾಣ ಚುಚ್ಚಿದ ಹೃದಯ, ಅದನ್ನೂ ಬಿಡದೆ ಬರೆದಿದ್ದಾಳೆ. ‘ಅಲ್ಲಿ ಇತ್ತಲ್ಲ ಆಂಟಿ’ ಅಂದಳು. ನನಗೆ ಮೊದಲು ನಗು ಬಂತು. ಆಮೇಲೆ ನಾಚಿಕೆ ಆಯಿತು.

ತಪ್ಪಿಲ್ಲ ಅಂತಲ್ಲ. ಮುಂದಿನ ಮರ ಪೊರಕೆ ನಿಲ್ಲಿಸಿದ ಹಾಗಿದೆ. ಹಿಂದಿನ ಗುಡ್ಡದ ಗಾಳಿಯಂತ್ರ ಗುಡ್ಡಕ್ಕಿಂತ ದೊಡ್ಡದಾಗಿದೆ. ಬಹುಮಾನ ಬರಲಿಲ್ಲ ಅನ್ನುವುದಷ್ಟೇ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ.

ಆದರೆ ಆದದ್ದು ಬೇರೆ. ಚಿತ್ರವನ್ನು ಸಾಲಿಗೆ ಇಡಲೇ ಇಲ್ಲ. ‘ಇದು ಬರೀ ಸ್ಕೆಚ್ ಆಯ್ತಲ್ಲಮ್ಮ, ಪೂರ್ತಿ ಆಗಿಲ್ಲ. ಮುಂದಿನ ಸಲ ಬಣ್ಣ ತುಂಬಿ ತಗೊಂಡು ಬಾ’ ಅಂದರಂತೆ. ಬೈದಿಲ್ಲ, ಪ್ರೀತಿಯಿಂದಲೇ ಹೇಳಿದ್ದಾರೆ. ಆಮೇಲೆ ಉಳಿದ ಚಿತ್ರಗಳ ಅಡಿಯಲ್ಲಿ ಇಟ್ಟಿದ್ದರಿಂದ ಮೂಲೆಯೆಲ್ಲ ಒರೆಸಿ ಹೋಗಿದೆ. ಅವರಪ್ಪ ಅದನ್ನು ಸುತ್ತಿಕೊಂಡು ಅಂಗಡಿಗೆ ಬಂದರು. ‘ಅಕ್ಕಾ, ಬಣ್ಣದ ಡಬ್ಬಿ ಎಷ್ಟಾಗುತ್ತೆ, ಒಳ್ಳೇದು ಯಾವುದು ಹೇಳ್ರಿ’ ಅಂತ ಕೇಳಿದರು. ನಾನು ಬಣ್ಣದ ಮಾತು ಅಲ್ಲಿಗೇ ನಿಲ್ಲಿಸಿ ಗೋಡೆ ಕಡೆ ಕೈ ತೋರಿಸಿದೆ.

ನನ್ನ ಅಂಗಡಿ ಗೋಡೆ ಮೇಲೆ ಲಕ್ಷ್ಮಿ ಇದ್ದಾಳೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಇದ್ದಾರೆ, ಅಂಬೇಡ್ಕರ್ ಇದ್ದಾರೆ, ರಾಜ್‌ಕುಮಾರ್ ಮೂರು ಸೈಜಿನಲ್ಲಿ ಇದ್ದಾರೆ. ಇವರ ನಡುವೆ ಒಂದು ಕಪ್ಪು ಬಿಳುಪಿನ ಚಿತ್ರ ಇದೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ಮೇಷ್ಟ್ರು ಕಟ್ಟು ಹಾಕಿ ಅಂತ ಕೊಟ್ಟು ಹೋದರು, ಮತ್ತೆ ಬರಲಿಲ್ಲ. ಅಚ್ಚಾದ ಪ್ರತಿ ಅಷ್ಟೇ, ಮೂಲ ಅಲ್ಲ. ಕೆಳಗಿನ ಅಂಚು ಹರಿದು ಚಿತ್ರಕಾರನ ಹೆಸರು ಹೋಗಿದೆ. ಫಾಂತೆನ್‌ಬ್ಲೊ ಕಾಡು, ಇದ್ದಿಲು, ಫ್ರಾನ್ಸ್, 19ನೇ ಶತಮಾನ ಅನ್ನುವಷ್ಟು ಉಳಿದಿದೆ. ಗಿರಾಕಿಗಳು ಕಟ್ಟು ಆಗುವವರೆಗೆ ಸ್ಟೂಲ್ ಮೇಲೆ ಕೂತು ಅದನ್ನು ನೋಡುತ್ತಾರೆ. ಹತ್ತರಲ್ಲಿ ಎಂಟು ಜನ ಕೇಳುವುದು ಒಂದೇ. ‘ಇದು ಚಂದ್ರವಳ್ಳಿ ಅಲ್ವಾ? ಯಾವ ಕಡೆಯಿಂದ ತೆಗೆದಿದ್ದು?’

ಅಷ್ಟು ನಮ್ಮೂರಿನ ಹಾಗಿದೆ. ಗುಂಡು ಗುಂಡಾದ ಬಂಡೆಗಳು, ಅವುಗಳ ಸಂದಿಯಿಂದ ಎದ್ದ ಓಕ್ ಮರ, ನಡುವೆ ಒಂದು ಕಾಲುದಾರಿ. ದಾರಿಯಲ್ಲಿ ಸೌದೆ ಹೊರೆ ಹೊತ್ತ ಒಬ್ಬ ಹೆಂಗಸು. ಅವಳು ಅವರೆಕಾಳಿಗಿಂತ ದೊಡ್ಡದಿಲ್ಲ. ಭೂತಗನ್ನಡಿ ಹಿಡಿದು ನೋಡಿದ್ದೇನೆ, ನಾಲ್ಕು ಗೀಟು. ಒಂದು ಹೊರೆಗೆ, ಒಂದು ಬೆನ್ನಿಗೆ, ಎರಡು ಕಾಲಿಗೆ. ಮುಖವೇ ಇಲ್ಲ. ಆದರೂ ಹೊರೆ ಭಾರ ಅಂತ ಗೊತ್ತಾಗುತ್ತದೆ. ಇನ್ನು ಬಂಡೆ ಮೇಲಿನ ಬಿಸಿಲು. ಅಲ್ಲಿ ಬಿಳಿ ಹಚ್ಚಿಲ್ಲ, ಏನೂ ಹಚ್ಚಿಲ್ಲ. ಮೊದಲು ಇದ್ದಿಲು ತೀಡಿ, ಆಮೇಲೆ ಬ್ರೆಡ್ಡಿನ ಮೆತ್ತನೆ ತಿರುಳನ್ನು ಉಂಡೆ ಮಾಡಿ ಅದರಿಂದ ಒತ್ತಿ ಕಪ್ಪನ್ನು ಎತ್ತಿದ್ದಾರೆ. ಆ ಕಾಲದಲ್ಲಿ ಇದ್ದಿಲಿಗೆ ಅದೇ ರಬ್ಬರು. ಕಾಗದದ ಬಿಳಿಯೇ ಅಲ್ಲಿ ಬಿಸಿಲಾಗಿದೆ. ನೆರಳಿನಲ್ಲಿ ಕಾಗದದ ಗೆರೆಗಳು ಸಣ್ಣಗೆ ಕಾಣುತ್ತವೆ. ಇದ್ದಿಲು ಗೆರೆಯ ಏರಿನಲ್ಲಿ ಕೂತಿದೆ, ತಗ್ಗಿನಲ್ಲಿ ಕೂತಿಲ್ಲ. ಹಾಗಾಗಿ ನೆರಳಿನೊಳಗೂ ಗಾಳಿ ಆಡುತ್ತದೆ. ಬಣ್ಣದ ಕ್ಯಾಲೆಂಡರಿನ ನೆರಳು ಮೆತ್ತಿದ ಹಾಗೆ ಇರುತ್ತದೆ, ಇದು ಹಾಗಿಲ್ಲ.

ಈ ಚಿತ್ರದ ವಿಷಯ ತಿಳಿದುಕೊಳ್ಳುವ ಹುಚ್ಚು ನನಗೆ ಹತ್ತಿಸಿದ್ದು ಅಣ್ಣನ ಮಗ. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿದವನು. ಅವನು ಹೇಳಿದ್ದು, ಆಮೇಲೆ ನಾನೇ ಓದಿದ್ದು ಸೇರಿಸಿ ಬರೆಯುತ್ತಿದ್ದೇನೆ.

ಫಾಂತೆನ್‌ಬ್ಲೊ ಇರುವುದು ಪ್ಯಾರಿಸ್‌ನಿಂದ ಸುಮಾರು 60 ಕಿ.ಮೀ. ದೂರದಲ್ಲಿ. ನಮಗೆ ದಾವಣಗೆರೆ ಇದ್ದ ಹಾಗೆ. 1849ರಲ್ಲಿ ಅಲ್ಲಿಗೆ ರೈಲು ಬಂತು. ಅದಕ್ಕೂ ಮೊದಲೇ ಚಿತ್ರಕಾರರು ಕಾಡಿನ ಅಂಚಿನ ಬಾರ್ಬಿಜಾನ್ ಅನ್ನುವ ಹಳ್ಳಿಗೆ ಹೋಗಿ ಉಳಿಯುತ್ತಿದ್ದರು. ಗಾನ್ ಅನ್ನುವವರ ಹೋಟೆಲ್ ಅವರ ಅಡ್ಡೆ. ಮಳೆ ಬಂದರೆ ಅಲ್ಲಿನ ಗೋಡೆ, ಬೀರುಗಳ ಮೇಲೂ ಚಿತ್ರ ಬರೆಯುತ್ತಿದ್ದರು. ಕೊರೊ ಬಂದ, ಮಿಲೆ 1849ರಲ್ಲಿ ಸಂಸಾರ ಸಮೇತ ಬಂದು ಕೊನೆತನಕ ಅಲ್ಲೇ ಇದ್ದ. ತಿಯೊಡೋರ್ ರೂಸೊ ಬಂದ. ನಾವು ಸ್ಕೂಲಲ್ಲಿ ಓದಿದ ರಾಜಕೀಯದ ರೂಸೊ ಬೇರೆ, ಈತ ಮರ ಬರೆಯುವವನು. ಅಲ್ಲಿಯವರೆಗೆ ಫ್ರಾನ್ಸಿನಲ್ಲಿ ಬೆಟ್ಟ, ಕಾಡು ಅಂದರೆ ದೇವತೆಗಳ ಕಥೆಗೆ ಹಿಂದಿನ ಪರದೆ. ನಮ್ಮ ನಾಟಕ ಕಂಪನಿಗಳ ವನದ ಸೀನಿದ್ದ ಹಾಗೆ ಅಂದುಕೊಳ್ಳಿ. ಇವರು ಮುಂದಿನ ಪಾತ್ರಗಳನ್ನು ಕಳಿಸಿಬಿಟ್ಟು ಪರದೆಯನ್ನೇ ನೋಡಿ ಅಂದರು.

ಇಲ್ಲಿಗೆ ಇದ್ದಿಲಿನ ಕಥೆ ಬರುತ್ತದೆ. ಅದು ನನ್ನಪ್ಪನ ಕಥೆಯೂ ಹೌದು.

ಅಪ್ಪ ಪರದೆ ಬರೆಯುವಾಗ ಮೊದಲು ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ಗೀಟು ಹಾಕುತ್ತಿದ್ದರು. ಆ ಇದ್ದಿಲು ಮಾಡುವುದು ನನ್ನ ಕೆಲಸ. ಬೆರಳು ಗಾತ್ರದ ಕಡ್ಡಿ ಸಿಪ್ಪೆ ತೆಗೆದು ಹಾರ್ಲಿಕ್ಸ್ ತಗಡಿನ ಡಬ್ಬಿಯಲ್ಲಿ ಇಕ್ಕಟ್ಟಾಗಿ ಜೋಡಿಸಬೇಕು. ಮುಚ್ಚಳಕ್ಕೆ ಒಂದು ಮೊಳೆ ತೂತು. ಡಬ್ಬಿಯನ್ನು ಬಚ್ಚಲ ಒಲೆಯ ಕೆಂಡದಲ್ಲಿ ಹೂಳಬೇಕು. ತೂತಿನಿಂದ ಹೊಗೆ ಬರುವುದು ನಿಂತರೆ ಆಯಿತು ಅಂತ. ಆದರೆ ಡಬ್ಬಿ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬಾರದು. ಗಾಳಿ ತಾಕಿದರೆ ಒಳಗಿನದು ಹತ್ತಿಕೊಂಡು ಬೂದಿ. ಅವಸರ ಮಾಡಿ ಎಷ್ಟು ಸಲ ಬೈಸಿಕೊಂಡಿದ್ದೇನೋ. ಬಣ್ಣ ಶುರು ಮಾಡುವ ಮುಂಚೆ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಪಟಪಟ ಹೊಡೆಯುತ್ತಿದ್ದರು. ಇದ್ದಿಲು ಹಾರಿ ಹೋಗಿ ಮಾಸಲು ಗೆರೆ ಮಾತ್ರ ಉಳಿಯುತ್ತಿತ್ತು. ಇದ್ದಿಲು ಇರುವುದೇ ಅಳಿಸಿ ಹೋಗುವುದಕ್ಕೆ ಅಂತ ನಾನೂ ತಿಳಿದಿದ್ದೆ. ಹಾಗಾಗಿ ಸ್ಪರ್ಧೆಯವರು ಹಾಗೆ ಅಂದುಕೊಂಡದ್ದು ನನಗೆ ಅರ್ಥವಾಗುತ್ತದೆ.

ಫ್ರಾನ್ಸಿನಲ್ಲೂ ಮೊದಲು ಹೀಗೇ ಇತ್ತು. ಅಲ್ಲಿ ಇದ್ದಿಲಿಗೆ ಫ್ಯೂಸ್ಯಾನ್ ಅನ್ನುತ್ತಾರೆ. ಅದು ಒಂದು ಗಿಡದ ಹೆಸರು, ಅದರ ಕಡ್ಡಿ ಸುಟ್ಟು ಇದ್ದಿಲು ಮಾಡುತ್ತಿದ್ದರು. ಹಾಗೆ ಗಿಡಕ್ಕೂ ಇದ್ದಿಲಿಗೂ ಇದ್ದಿಲಿನ ಚಿತ್ರಕ್ಕೂ ಒಂದೇ ಹೆಸರಾಯಿತು. ಬಣ್ಣ ಹಚ್ಚುವ ಮುಂಚೆ ಗೀಟು ಹಾಕಿ ಒರೆಸಿಬಿಡುವುದೇ ಅದರ ಕೆಲಸ. ತೊಂದರೆ ಒಂದೇ, ಅದು ಕಾಗದಕ್ಕೆ ಅಂಟುವುದಿಲ್ಲ, ಉಫ್ ಅಂದರೆ ಹೋಯಿತು. 19ನೇ ಶತಮಾನದಲ್ಲಿ ಅದನ್ನು ಕಾಗದಕ್ಕೆ ಹಿಡಿಸುವ ದಾರಿ ಚೆನ್ನಾಗಿ ಪಳಗಿತು. ಏನು ಗೊತ್ತಾ ಆ ದಾರಿ? ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು! ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್ ಅನ್ನುವುದು ಇದನ್ನೇ, ತೆಳ್ಳಗೆ ಮಾಡಿದರೆ ಆಯಿತು. ಇದನ್ನು ಓದಿದ ದಿನ ನಾನು ಕೈಯಲ್ಲಿದ್ದ ಪಾಲಿಶ್ ಬಟ್ಟೆ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅರಗು ಯುರೋಪಿಗೆ ಹೋಗುತ್ತಿದ್ದದ್ದೇ ನಮ್ಮ ದೇಶದಿಂದ. ನಮ್ಮ ಕಾಡಿನ ಮರದ ಮೇಲೆ ಹುಳ ಕಟ್ಟಿದ ಅರಗು ಹಡಗು ಹತ್ತಿ ಹೋಗಿ ಅವರ ಕಾಡಿನ ಚಿತ್ರವನ್ನು ಹಿಡಿದು ನಿಲ್ಲಿಸಿದೆ.

ಹಿಡಿಸುವುದಕ್ಕೆ ಆದಮೇಲೆ ಇದ್ದಿಲಿಗೆ ಬೆಲೆ ಬಂತು. ಇದ್ದಿಲಿನಲ್ಲೇ ಶುರು ಮಾಡಿ ಇದ್ದಿಲಿನಲ್ಲೇ ಮುಗಿಸಿ, ಸಹಿ ಹಾಕಿ, ಕಟ್ಟು ಹಾಕಿಸಿ ಪ್ರದರ್ಶನಕ್ಕೆ ಇಡತೊಡಗಿದರು. ಜನ ಕೊಂಡರು. ಮ್ಯಾಕ್ಸಿಮ್ ಲಲಾನ್ ಅನ್ನುವವನು 1869ರಲ್ಲಿ ಇದ್ದಿಲಿನಲ್ಲಿ ಚಿತ್ರ ಬರೆಯುವುದು ಹೇಗೆ ಅಂತ ಒಂದು ಪುಸ್ತಕವನ್ನೇ ತಂದ. ಆಲೊಂಜೆ ಅನ್ನುವವನಂತೂ ಇದ್ದಿಲಿನ ಕಾಡು, ಹೊಳೆಗಳಿಂದಲೇ ಹೆಸರು ಮಾಡಿದ. ಕೊರೊ ವಯಸ್ಸಾದ ಮೇಲೆ ಇದ್ದಿಲಿನಲ್ಲಿ ಮರ, ಕೊಳ ಬರೆದ. ಒಡಿಲಾನ್ ರೆದಾನ್ ಐವತ್ತರ ಹತ್ತಿರ ಬರುವವರೆಗೂ ಹೆಚ್ಚುಕಡಿಮೆ ಕಪ್ಪಿನಲ್ಲೇ ಬರೆದವನು. ತನ್ನ ಆ ಚಿತ್ರಗಳನ್ನು ‘ಕಪ್ಪುಗಳು’ ಅಂತಲೇ ಕರೆಯುತ್ತಿದ್ದ. ಅವನನ್ನು ಯಾರಾದರೂ ಬಣ್ಣ ತುಂಬಿ ತಗೊಂಡು ಬಾ ಅಂದಿದ್ದರೆ?

ಇನ್ನೊಂದು ಮಾತು ಹೇಳಿಬಿಡುತ್ತೇನೆ, ವಿಷಯ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. ಆ ಕಾಡಿನ ಬಂಡೆಗಳನ್ನು ಒಡೆದು ಪ್ಯಾರಿಸ್‌ನ ಬೀದಿಗೆ ಹಾಸುತ್ತಿದ್ದರು. ಹಳೇ ಓಕ್ ಮರ ಕಡಿದು ಪೈನ್ ನೆಡುತ್ತಿದ್ದರು. ರೂಸೊ ಮತ್ತು ಅವನ ಗೆಳೆಯರು ಸರ್ಕಾರಕ್ಕೆ ಅರ್ಜಿ ಹಾಕಿದರು. ಕೊನೆಗೆ 1861ರಲ್ಲಿ ಅಲ್ಲಿನ ಚಕ್ರವರ್ತಿ 1,097 ಹೆಕ್ಟೇರ್ ಕಾಡನ್ನು, ನಮ್ಮ ಲೆಕ್ಕದಲ್ಲಿ 2,700 ಎಕರೆ, ಚಿತ್ರಕಾರರು ಬರೆಯುವ ಜಾಗ ಅಂತಲೇ ಕಾಯ್ದಿಡಲು ಅಪ್ಪಣೆ ಮಾಡಿದ. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅನ್ನಿಸಿಕೊಂಡ ಅಮೆರಿಕದ ಯೆಲ್ಲೋಸ್ಟೋನ್ ಆದದ್ದು ಅದಾದ 11 ವರ್ಷಕ್ಕೆ. ಅದೇ ಕಾಡಿನಲ್ಲಿ ದನ್‌ಕೂರ್ ಅಂತ ಒಬ್ಬ, ಮೊದಲು ಸೈನ್ಯದಲ್ಲಿದ್ದವನು, ತಿರುಗಾಡಲು ಬರುವವರಿಗೆ ದಾರಿ ತೋರಿಸಲು ಮರ, ಬಂಡೆಗಳ ಮೇಲೆ ನೀಲಿ ಬಾಣದ ಗುರುತು ಹಾಕಿಕೊಂಡು ಹೋದ. ಕೆಲವು ಚಿತ್ರಕಾರರಿಗೆ ಅದೂ ಹಿಡಿಸಲಿಲ್ಲ. ದಾರಿ ತೋರಿಸುವ ಬಾಣಕ್ಕೇ ಅವರಿಗೆ ಸಿಟ್ಟು. ನಮ್ಮ ಚಂದ್ರವಳ್ಳಿಯ ಬಾಣ ಚುಚ್ಚಿದ ಹೃದಯ ನೋಡಿದ್ದರೆ ಏನನ್ನುತ್ತಿದ್ದರೋ. ಅವರದು ಮರಳುಗಲ್ಲು, ವಯಸ್ಸು ಮೂರು ಕೋಟಿ ವರ್ಷದ ಮೇಲೆ. ನಮ್ಮದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್. ಅದರ ಮೇಲೆ ಹತ್ತು ರೂಪಾಯಿ ಬ್ರಷ್ ಹಿಡಿದು ಹೆಸರು ಬರೆಯುತ್ತೇವೆ. ಎಂಟನೇ ಕ್ಲಾಸಿನ ಹುಡುಗಿ ಅದನ್ನು ಇದ್ದ ಹಾಗೇ ಬರೆದು ತಂದರೆ ಪೂರ್ತಿ ಆಗಿಲ್ಲ ಅನ್ನುತ್ತೇವೆ.

ಈಗ ಹುಡುಗಿಯ ಚಿತ್ರಕ್ಕೆ ನಾನು ಮಾಡಿದ್ದನ್ನು ಹೇಳುತ್ತೇನೆ. ಸ್ಪರ್ಧೆ ನಡೆಸುವವರಿಗೂ ಉಪಯೋಗವಾಗಬಹುದು. ಅರಗನ್ನು ಸ್ಪಿರಿಟ್‌ನಲ್ಲಿ ತೀರ ತೆಳ್ಳಗೆ ಕರಗಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿಕೊಂಡೆ. ಮೊದಲು ಬೇರೆ ಖಾಕಿ ತುಂಡಿನ ಮೇಲೆ ಮುಂದಿನಿಂದ ಬ್ರಷ್ ಆಡಿಸಿ ನೋಡಿದೆ. ಇದ್ದಿಲೆಲ್ಲ ಬ್ರಷ್ಷಿಗೆ ಬಂದು ರಾಡಿ ಆಯಿತು. ಫ್ರಾನ್ಸಿನವರು ಕಾಗದದ ಹಿಂಬದಿಯಿಂದಲೂ ಹಚ್ಚುತ್ತಿದ್ದರು, ಅರಗು ಒಳಗೆ ಇಳಿದು ಮುಂದಿನ ಇದ್ದಿಲನ್ನು ಹಿಡಿಯುತ್ತದೆ. ಖಾಕಿ ಕಾಗದ ತೆಳು, ಚೆನ್ನಾಗಿ ಕುಡಿಯಿತು. ಒಣಗಿದ ಮೇಲೆ ಹುಡುಗಿಯನ್ನೇ ಕರೆದು ಬೆರಳು ಆಡಿಸು ಅಂದೆ. ಹೆದರುತ್ತಾ ಆಡಿಸಿದಳು. ಬೆರಳು ನೋಡಿಕೊಂಡಳು, ಕಪ್ಪಾಗಿರಲಿಲ್ಲ. ಮತ್ತೊಂದು ಸಲ ಜೋರಾಗಿ ಆಡಿಸಿ ನೋಡಿಕೊಂಡಳು. ಸೀಮೆಸುಣ್ಣ ಮಾತ್ರ ಒಂದು ಸುತ್ತು ಮಂಕಾಗಿದೆ. ಅದಕ್ಕೆ ಅವಳಿಗೆ ಸ್ವಲ್ಪ ಬೇಜಾರು, ಬಿಸಿಲು ಕಡಿಮೆ ಆಯ್ತು ಅಂದಳು. ಆ ಹೃದಯವೂ ಮಂಕಾಗಿದೆಯಲ್ಲ ಅಂದೆ. ಅದು ಪರವಾಗಿಲ್ಲ ಅಂದಳು.

ಕಟ್ಟಿಗೆ ಅಕ್ರಿಲಿಕ್ ಹಾಳೆ ಹಾಕಲಿಲ್ಲ, ಗಾಜೇ ಹಾಕಿದೆ. ಅಕ್ರಿಲಿಕ್ ಒರೆಸಿದಾಗಲೆಲ್ಲ ಕರೆಂಟು ಹಿಡಿದ ಹಾಗೆ ಪುಡಿಯನ್ನು ಎಳೆದುಕೊಳ್ಳುತ್ತದೆ. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ದಪ್ಪ ಮೌಂಟ್, ಅಂದರೆ ಸುತ್ತ ರಟ್ಟಿನ ಅಂಚು, ಕೊಟ್ಟೆ. ಒರೆಸಿ ಹೋದ ಮೂಲೆಗಳನ್ನು ಮೌಂಟ್ ಅಡಿಯಲ್ಲಿ ಮುಚ್ಚೋಣ ಅಂತಿದ್ದೆ, ಹುಡುಗಿ ಬೇಡ ಅಂದಳು. ಬೀಡಿಂಗ್ ಕಪ್ಪು, ಅರ್ಧ ಇಂಚು. ಚಿನ್ನದ ಬಣ್ಣದ್ದು ಹಾಕಿ ಅಂತ ಅವರಪ್ಪ ಕೇಳಿದರು, ಅಲ್ಲಿ ಮಾತ್ರ ನಾನು ಹಟ ಮಾಡಿದೆ. ದುಡ್ಡಿನ ಬದಲು ಒಂದು ತಿಂಗಳು ನನ್ನ ಸೀರೆಗಳಿಗೆ ಇಸ್ತ್ರಿ ಅಂತ ಮಾತಾಗಿದೆ.

ಸ್ಪರ್ಧೆ ನಡೆಸುವವರಲ್ಲಿ ನನ್ನದು ಎರಡೇ ಕೋರಿಕೆ. ಬಣ್ಣದ ಚಿತ್ರವೇ ಬೇಕಿದ್ದರೆ ಚೀಟಿಯಲ್ಲಿ ಮೊದಲೇ ಬರೆಯಿರಿ, ಮಕ್ಕಳು ಎರಡು ಭಾನುವಾರ ಉಳಿಸಿಕೊಳ್ಳುತ್ತಾರೆ. ಬೇಡ ಅಂತಿದ್ದರೆ ಪೆನ್ಸಿಲ್ಲು, ಇದ್ದಿಲಿನ ಚಿತ್ರಗಳನ್ನೂ ಉಳಿದವುಗಳ ಜೊತೆ ಸಾಲಿಗೆ ಇಟ್ಟು, ಆಮೇಲೆ ಸೋಲಿಸಿ. ಮರ ಪೊರಕೆ ಆಗಿದೆ ಅಂತ ಸೋಲಿಸಿ, ಗಾಳಿಯಂತ್ರದ ಅಳತೆ ತಪ್ಪಿದೆ ಅಂತ ಸೋಲಿಸಿ. ಮತ್ತೆ ಚಿತ್ರಗಳನ್ನು ಒಂದರ ಮೇಲೊಂದು ಇಡುವಾಗ ನಡುವೆ ಬಟರ್ ಪೇಪರ್ ಹಾಕಿ. ಇಪ್ಪತ್ತು ರೂಪಾಯಿಗೆ ಬೇಕಾದಷ್ಟು ಸಿಗುತ್ತದೆ. ಇಲ್ಲದಿದ್ದರೆ ನನ್ನ ಅಂಗಡಿಗೆ ಹೇಳಿ ಕಳಿಸಿ, ಸುಮ್ನೆ ಕೊಡುತ್ತೇನೆ.

ಹಾಗೇ, ಇಪ್ಪತ್ತು ವರ್ಷದ ಹಿಂದೆ ಆ ಫ್ರಾನ್ಸಿನ ಚಿತ್ರ ಕಟ್ಟು ಹಾಕಲು ಕೊಟ್ಟ ಮೇಷ್ಟ್ರು ಈ ಪತ್ರ ಓದಿದರೆ ದಯವಿಟ್ಟು ಬನ್ನಿ. ಕಟ್ಟು ಎಂದೋ ಆಗಿದೆ. ನೀವು ಕೊಟ್ಟ 50 ರೂಪಾಯಿ ಅಡ್ವಾನ್ಸ್ ಪುಸ್ತಕದಲ್ಲಿ ಹಾಗೇ ಇದೆ, ಬಾಕಿ 80. ಗಾಜು ಒಂದು ಸಲ ಬದಲಾಯಿಸಿದ್ದೇನೆ, ಅದರ ದುಡ್ಡು ಬೇಡ. ಚಿತ್ರ ಮಾತ್ರ ಕೊಡುವ ಮನಸ್ಸಿಲ್ಲ, ಆದರೂ ಬನ್ನಿ, ಮಾತಾಡೋಣ.

ಇಂತಿ,
ಕಟ್ಟಿನ ಅಂಗಡಿಯವಳು,
ಲಕ್ಷ್ಮೀ ಬಜಾರ್, ಚಿತ್ರದುರ್ಗ